ಓದುಗರ ಪ್ರಶ್ನೆ: ಮರ ನಮ್ದು, ಜಾಗ ನಮ್ದು, ಮತ್ಯಾಕೆ ಪರ್ಮಿಷನ್?

ಈ ಸಲ ಬಂದಿರೋ ಪತ್ರ, ಮೇಲ್ ಎಲ್ಲಾ ತೆಗೆದು ನೋಡಿದ್ರೆ ಅರ್ಧಕ್ಕಿಂತ ಜಾಸ್ತಿ ಮರದ್ದೇ ವಿಷಯ. ಮಳೆಗಾಲ ಹತ್ರ ಬಂದಾಗ ಇದು ಇದ್ದಿದ್ದೇ ಬಿಡಿ, ಒಂದ್ಸಲ ಜೋರಾಗಿ ಗಾಳಿ ಬೀಸಿದ್ರೆ ಸಾಕು, ಅಷ್ಟು ವರ್ಷ ನೆರಳು ಕೊಟ್ಟ ಮರ ಇದ್ದಕ್ಕಿದ್ದ ಹಾಗೆ ಶತ್ರು ಥರ ಕಾಣೋಕೆ ಶುರುವಾಗುತ್ತೆ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ, ಹೆಸರು ಊರು ಬಿಟ್ಟು ಉತ್ತರ ಬರ್ದಿದೀನಿ. ಕಾನೂನು ಅಂತ ಎಲ್ಲಿ ಬಂದ್ರೂ ಅದು ಕರ್ನಾಟಕಕ್ಕೆ ಅನ್ವಯ ಆಗೋದು ಅಂತ ತಿಳ್ಕೊಳ್ಳಿ.

ಪ್ರಶ್ನೆ: ಸರ್, ನಮ್ಮ ಮನೆ ಕಾಂಪೌಂಡ್ ಒಳಗೆ ನಮ್ಮ ಮಾವ ನೆಟ್ಟಿದ್ದ ದೊಡ್ಡ ಮರ ಇದೆ. ಪಕ್ಕದ ಮನೆಯವರಿಗೆ ಎಲೆ ಬೀಳುತ್ತೆ ಅಂತ ದಿನಾ ಗಲಾಟೆ. ಕಡಿಸಿಬಿಡೋಣ ಅಂತಿದ್ದೀವಿ. ನಮ್ಮದೇ ಜಾಗ, ನಾವೇ ನೆಟ್ಟಿದ್ದು, ಇದಕ್ಕೂ ಯಾರನ್ನಾದ್ರೂ ಕೇಳ್ಬೇಕಾ?

ಉತ್ತರ: ಕೇಳ್ಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅಂತ 1976ರಿಂದ ಇದೆ, ಅದು ಸರ್ಕಾರಿ ಜಾಗದ ಮರಕ್ಕೆ ಮಾತ್ರ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಹಾಗಲ್ಲ. ಖಾಸಗಿ ಜಾಗದಲ್ಲಿರೋ ಮರ ಕಡಿಯೋಕೂ ಟ್ರೀ ಆಫೀಸರ್ ಹತ್ರ ಮುಂಚಿತವಾಗಿ ಅನುಮತಿ ತಗೋಬೇಕು. ದೊಡ್ಡ ಪಾಲಿಕೆಗಳಲ್ಲಿ ಅರಣ್ಯ ವಿಭಾಗ ಅಂತಾನೇ ಇರುತ್ತೆ, ಬೇರೆ ಕಡೆ ಅರಣ್ಯ ಇಲಾಖೆ ವಲಯ ಕಚೇರಿಯಲ್ಲಿ ಕೇಳಿದ್ರೆ ಅರ್ಜಿ ಯಾರಿಗೆ ಕೊಡ್ಬೇಕು ಅಂತ ಹೇಳ್ತಾರೆ. ಅರ್ಜಿ ಕೊಟ್ಟ ಮೇಲೆ ಅವರು ಜಾಗಕ್ಕೆ ಬಂದು ಮರ ನೋಡ್ತಾರೆ. ಒಣಗಿದ್ರೆ, ರೋಗ ಹತ್ತಿದ್ರೆ, ಜನಕ್ಕೋ ಮನೆಗೋ ಅಪಾಯ ಇದ್ರೆ ಅದು ಬೇರೆ ಮಾತು, ಎಲೆ ಬೀಳುತ್ತೆ ಅನ್ನೋದು ಮಾತ್ರ ಮರ ಕಡಿಯೋಕೆ ಕಾರಣ ಆಗಲ್ಲ, ಎಲೆ ಬೀಳದೆ ಇರೋ ಮರ ಎಲ್ಲಿದೆ ಹೇಳಿ. ಅನುಮತಿ ಸಿಕ್ಕಿದ್ರೂ ಬದಲಿಗೆ ಗಿಡ ನೆಡ್ಬೇಕು ಅನ್ನೋ ಷರತ್ತು ಸಾಮಾನ್ಯವಾಗಿ ಜೊತೆಗೇ ಬರುತ್ತೆ.

ಇನ್ನೊಂದು ವಿಷಯ, ಕಡಿಯೋದು ಅಂದ್ರೆ ಬುಡಕ್ಕೆ ಕೊಡಲಿ ಹಾಕೋದು ಮಾತ್ರ ಅಂತ ಕಾನೂನು ನೋಡಲ್ಲ, ಬೆಂಕಿ ಹಾಕಿದ್ರೂ, ಬೇರೆ ಯಾವ ರೀತೀಲಿ ಮರಕ್ಕೆ ಹಾನಿ ಮಾಡಿದ್ರೂ ಅದೇ ಲೆಕ್ಕ. ಬುಡಕ್ಕೆ ಆಸಿಡ್ ಹುಯ್ಯೋರು, ಸುತ್ತ ತೊಗಟೆ ಸುಲಿದು ಒಣಗಲಿ ಅಂತ ಬಿಡೋರು, ಡ್ರಿಲ್ ಹೊಡೆದು ಒಳಗೆ ಏನೋ ತುಂಬೋರು ಎಲ್ಲಾ ಇದನ್ನ ಓದ್ಲಿ. ಹಾಗೆ ಒಣಗಿಸಿ ಆಮೇಲೆ "ಒಣ ಮರ ಸಾರ್, ತೆಗೀಬೇಕು" ಅಂತ ಅರ್ಜಿ ಹಾಕಿದ್ರೆ ಬಂದು ನೋಡೋ ಅಧಿಕಾರಿಗೆ ಡ್ರಿಲ್ ತೂತು ಕಾಣಲ್ವಾ?

ಕೆಲವು ಜಾತಿಗೆ ವಿನಾಯಿತಿ ಇದೆ, ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್ ಇಂಥವು ಆ ಪಟ್ಟಿಯಲ್ಲಿ ಬರ್ತವೆ. ಆದ್ರೆ ಮರ ಯಾವ ಜಾತಿ ಅಂತ ನೀವೇ ತೀರ್ಮಾನ ಮಾಡ್ಬೇಡಿ, ಫೋಟೋ ತಗೊಂಡು ಹೋಗಿ ಕೇಳಿ.

ಪಕ್ಕದ ಮನೆಯವರ ಎಲೆ ಜಗಳಕ್ಕೆ ನನ್ನ ಸಲಹೆ ಬೇರೆ ಇದೆ. ಅವರ ಸೂರಿನ ಮೇಲೆ ಬಂದಿರೋ ಕೊಂಬೆ ಎರಡೋ ಮೂರೋ ಇರುತ್ತೆ ಅಷ್ಟೇ. ಅದನ್ನ ಮಾತ್ರ ಸರಿಯಾಗಿ ಸವರಿಸೋಕೆ ಅನುಮತಿ ಕೇಳಿ, ಖರ್ಚು ಇಬ್ಬರೂ ಹಂಚ್ಕೊಳ್ಳಿ. ಸವರೋದು ಹೇಗೆ ಅನ್ನೋದು ಮುಂದಿನ ಪ್ರಶ್ನೆಯಲ್ಲಿದೆ.

ಪ್ರಶ್ನೆ: ಮೇಡಂ ಅಥವಾ ಸರ್, ಮಳೆಗೆ ಮುಂಚೆ ಮರದ ತಲೆ ಪೂರ್ತಿ ಬೋಳಿಸಿಬಿಟ್ರೆ ಗಾಳಿಗೆ ಬೀಳಲ್ಲ ಅಂತ ಮರ ಕಡಿಯೋನು ಹೇಳ್ತಿದ್ದಾನೆ. ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೇ ಮಾಡಿಸಿದ್ದಾರೆ. ಸರೀನಾ?

ಉತ್ತರ: ಸರಿಯಿಲ್ಲ. ಈ ಅಂಕಣದಲ್ಲಿ ಒಂದೇ ಒಂದು ಮಾತು ನೆನಪಿಟ್ಕೊಳ್ಳಿ ಅಂದ್ರೆ ಇದನ್ನೇ ಹೇಳ್ತೀನಿ, ಮರದ ತಲೆ ಬೋಳಿಸೋದು ಮರನ ಸೇಫ್ ಮಾಡೋದಲ್ಲ, ನಾಲ್ಕೈದು ವರ್ಷ ಆದ್ಮೇಲೆ ಬರೋ ಅಪಾಯನ ಇವತ್ತೇ ದುಡ್ಡು ಕೊಟ್ಟು ತರಿಸ್ಕೊಳ್ಳೋದು.

ಯಾಕೆ ಅಂತ ಹೇಳ್ತೀನಿ. ಮರ ಊಟ ಮಾಡೋದು ಎಲೆಯಿಂದ. ಎಲ್ಲಾ ಎಲೆ ಒಟ್ಟಿಗೆ ತೆಗೆದ್ರೆ ಅದು ಗಾಬರಿ ಬಿದ್ದು ಕೂಡಿಟ್ಟ ಶಕ್ತಿ ಎಲ್ಲಾ ಖರ್ಚು ಮಾಡಿ ಕಡಿದ ಜಾಗದ ಸುತ್ತ ಹತ್ತಾರು ಚಿಗುರು ತಳ್ಳುತ್ತೆ, ಅದನ್ನ ನೋಡಿ ನಮ್ಮ ಜನ "ನೋಡಿ ಎಷ್ಟು ಚೆನ್ನಾಗಿ ಚಿಗುರ್ತು" ಅಂತ ಖುಷಿ ಪಡ್ತಾರೆ. ಆ ಚಿಗುರು ಮುಂದೆ ಕೊಂಬೆ ಆಗುತ್ತೆ ಆದ್ರೆ ಅದು ಮೂಲ ಕೊಂಬೆ ಥರ ಮರದ ಒಳಗಿಂದ ಹೆಣೆದುಕೊಂಡು ಬಂದಿರಲ್ಲ, ಹೊರಗಡೆ ಪದರಕ್ಕೆ ಅಂಟ್ಕೊಂಡಿರುತ್ತೆ ಅಷ್ಟೇ, ಅದರ ಕೆಳಗೆ ಬೋಳಿಸಿದ ದೊಡ್ಡ ಗಾಯ ನೀರು ಕುಡ್ಕೊಂಡು ಕೊಳೀತಾ ಇರುತ್ತೆ. ಕೊಂಬೆ ಭಾರ ಆಗ್ತಾ ಹೋಗುತ್ತೆ, ಬುಡ ಪೊಳ್ಳಾಗ್ತಾ ಹೋಗುತ್ತೆ, ಒಂದು ದಿನ ಗಾಳಿಗೆ ಕಿತ್ಕೊಂಡು ಕಾರಿನ ಮೇಲೆ ಬೀಳುತ್ತೆ. ಆಗ ಬೈಗುಳ ತಿನ್ನೋದು ಮರ.

ಹಾಗಾದ್ರೆ ಸರಿಯಾಗಿ ಸವರೋದು ಹೇಗೆ. ಯಾವುದಾದ್ರೂ ಕೊಂಬೆ ಕಾಂಡಕ್ಕೆ ಸೇರೋ ಜಾಗ ಹತ್ರದಿಂದ ನೋಡಿ, ಅಲ್ಲಿ ಸಣ್ಣದಾಗಿ ಉಂಗುರದ ಹಾಗೆ ಒಂದು ಉಬ್ಬು ಇರುತ್ತೆ, ಕೆಲವು ಮರದಲ್ಲಿ ತೊಗಟೆ ಸುಕ್ಕುಸುಕ್ಕಾಗಿ ಕಾಣುತ್ತೆ. ಆ ಉಬ್ಬು ಕಾಂಡಕ್ಕೆ ಸೇರಿದ್ದು, ಗಾಯನ ಮುಚ್ಚೋ ಕೆಲಸ ಮಾಡೋದು ಅದೇ. ಗರಗಸ ಆ ಉಬ್ಬಿನ ಹೊರಗಡೆ ಅಂಚಲ್ಲಿ ಹೋಗ್ಬೇಕು. ಚೆನ್ನಾಗಿ ಕಾಣ್ಲಿ ಅಂತ ಕಾಂಡಕ್ಕೆ ಸಮನಾಗಿ ನೈಸಾಗಿ ಕೊಯ್ದ್ರೆ ಆ ಉಬ್ಬೇ ಹೋಯ್ತು, ಗಾಯ ದೊಡ್ಡದಾಗುತ್ತೆ. ಬೇಡ ಅಂತ ಒಂದಡಿ ಮೋಟು ಬಿಟ್ರೆ ಆ ಮೋಟು ಒಣಗಿ, ಕೊಳೆತು, ಅದೇ ದಾರೀಲಿ ಕೊಳೆ ಕಾಂಡದ ಒಳಗೆ ಇಳಿಯುತ್ತೆ. ಅಮೆರಿಕದಲ್ಲಿ ಅಲೆಕ್ಸ್ ಶೈಗೊ ಅನ್ನೋ ವಿಜ್ಞಾನಿ ಸಾವಿರಾರು ಮರಗಳನ್ನ ಚೈನ್‌ಸಾದಲ್ಲಿ ಉದ್ದಕ್ಕೆ ಸೀಳಿ ನೋಡಿ ಇದನ್ನೆಲ್ಲಾ ತೋರಿಸ್ಕೊಟ್ರು. ನಮಗೆ ಗಾಯ ಆದ್ರೆ ಅಲ್ಲಿ ಹೊಸ ಚರ್ಮ ಬಂದು ವಾಸಿಯಾಗುತ್ತೆ, ಮರಕ್ಕೆ ಆ ಭಾಗ್ಯ ಇಲ್ಲ, ಅದು ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ ಒಳಗೇ ಮುಚ್ಚಿಟ್ಟು ಮುಂದಕ್ಕೆ ಬೆಳೆಯುತ್ತೆ ಅಷ್ಟೇ. ಅಂದ್ರೆ ಇವತ್ತು ನೀವು ಮಾಡಿದ ಗಾಯ ಆ ಮರ ಇರೋ ತನಕ ಅದರೊಳಗೇ ಇರುತ್ತೆ.

ದಪ್ಪ ಕೊಂಬೆ ಆದ್ರೆ ಒಂದೇ ಏಟಿಗೆ ಮೇಲಿಂದ ಕೊಯ್ಯೋಕೆ ಹೋಗ್ಬಾರ್ದು, ಅರ್ಧಕ್ಕೆ ಬರೋ ಹೊತ್ತಿಗೆ ಕೊಂಬೆ ಭಾರಕ್ಕೆ ಜಗ್ಗಿ ಕೆಳಗಡೆ ತೊಗಟೆ ಮಾರುದ್ದ ಸೀಳ್ಕೊಂಡು ಬರುತ್ತೆ. ಮೊದಲು ಕಾಂಡದಿಂದ ಒಂದಡಿ ಆಚೆ ಕೆಳಗಡೆಯಿಂದ ಸ್ವಲ್ಪ ಗರಗಸ ಹಾಕಿ, ಆಮೇಲೆ ಅದಕ್ಕಿಂತ ಸ್ವಲ್ಪ ಆಚೆ ಮೇಲಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಉಳಿದ ಮೋಟನ್ನ ಉಬ್ಬಿನ ಅಂಚಲ್ಲಿ ತೆಗೀಬೇಕು. ಮಚ್ಚು ಬೇಡ, ಮಚ್ಚಲ್ಲಿ ಕಚ್ಚಿದ ಗಾಯ ಚೂರುಚೂರಾಗಿ ಇರುತ್ತೆ. ಒಂದು ವರ್ಷಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಹಸಿರು ತೆಗೀಬೇಡಿ, ಹಳೇ ಮರ ಆದ್ರೆ ಇನ್ನೂ ಕಮ್ಮಿ. ಮತ್ತೆ ಕೊಯ್ದ ಜಾಗಕ್ಕೆ ಟಾರ್, ಪೇಂಟ್, ಸೆಗಣಿ ಬಳಿಯೋ ಅಭ್ಯಾಸ ಇದೆಯಲ್ಲ, ಸರಿಯಾದ ಜಾಗದಲ್ಲಿ ನೀಟಾಗಿ ಕೊಯ್ದಿದ್ರೆ ಅದರ ಅಗತ್ಯ ಇಲ್ಲ, ಎಷ್ಟೋ ಸಲ ಅದರ ಕೆಳಗೆ ತೇವ ನಿಂತು ಕೊಳೆಯೋಕೆ ಅನುಕೂಲಾನೇ ಆಗುತ್ತೆ.

ಬೀಳೋ ಮರ ಮೊದಲೇ ಒಂದಿಷ್ಟು ಸೂಚನೆ ಕೊಡುತ್ತೆ. ಇತ್ತೀಚೆಗೆ ವಾಲಿದ್ಯಾ, ವಾಲಿದ್ದಕ್ಕೆ ವಿರುದ್ಧ ದಿಕ್ಕಲ್ಲಿ ಮಣ್ಣು ಬಿರುಕು ಬಿಟ್ಟಿದ್ಯಾ, ಬುಡದಲ್ಲಿ ಗಟ್ಟಿಯಾದ ತಟ್ಟೆ ಥರದ ಅಣಬೆ ಬಂದಿದ್ಯಾ, ಎರಡು ದಪ್ಪ ಕೊಂಬೆ ಕೂಡೋ ಕಡೆ ಸೀಳು ಇದ್ಯಾ ನೋಡಿ. ಇದ್ರಲ್ಲಿ ಒಂದಿದ್ರೂ ಗೊತ್ತಿರೋರನ್ನ ಕರೆಸಿ. ಬುಡದ ಪಕ್ಕ ಚರಂಡಿಗೋ ಕೇಬಲ್‌ಗೋ ಅಗೆದಿದ್ರೆ ಅಂಥ ಮರದ ಮೇಲೆ ಜಾಸ್ತಿ ಗಮನ ಇರ್ಲಿ, ಯಾಕಂದ್ರೆ ಬೇರು ಪಾತಾಳಕ್ಕೆ ಹೋಗಿರುತ್ತೆ ಅನ್ನೋದು ನಮ್ಮ ಭ್ರಮೆ, ಹೆಚ್ಚಿನ ಬೇರೆಲ್ಲಾ ಮೇಲಿನ ಎರಡು ಮೂರು ಅಡಿ ಮಣ್ಣಲ್ಲೇ ಹರಡಿರುತ್ತೆ, ಕೊಂಬೆಯ ನೆರಳು ಬೀಳೋ ಜಾಗ ದಾಟಿ ಆಚೆಗೂ ಹೋಗಿರುತ್ತೆ. ಆ ಚರಂಡಿ ಅಗೆದಾಗಲೇ ಅರ್ಧ ಕಾಲು ಹೋಗಿರುತ್ತೆ, ನಾವು ತಲೆ ಕಡಿಯೋಕೆ ನಿಲ್ತೀವಿ.

ಪ್ರಶ್ನೆ: ಅನುಮತಿ ಎಲ್ಲಾ ಸಿಕ್ಕಿದೆ, ಆಳುಗಳೂ ಬಂದ್ರು. ಮೇಲೆ ಹತ್ತಿದ್ರೆ ಗೂಡಿದೆ, ಮರಿಗಳಿವೆ ಅಂತಾರೆ. ಈಗ ಏನ್ ಮಾಡೋದು? ಗೂಡನ್ನ ಬೇರೆ ಮರಕ್ಕೆ ಇಡ್ಬೋದಾ?

ಉತ್ತರ: ಆಳುಗಳನ್ನ ವಾಪಸ್ ಕಳ್ಸಿ. ಮರ ಕಡಿಯೋ ಅನುಮತಿ ಅಂದ್ರೆ ಗೂಡು ಕೆಡವೋ ಅನುಮತಿ ಅಲ್ಲ, ಅದು ಬೇರೆ ಕಾಯ್ದೆ, ವನ್ಯಜೀವಿ ಸಂರಕ್ಷಣಾ ಕಾಯ್ದೆ 1972. ಅದರಲ್ಲಿ ಬೇಟೆ ಅನ್ನೋ ಪದಕ್ಕೆ ಕೊಟ್ಟಿರೋ ಅರ್ಥ ನೋಡಿದ್ರೆ ಆಶ್ಚರ್ಯ ಆಗುತ್ತೆ, ಕಾಡು ಹಕ್ಕಿಯ ಮೊಟ್ಟೆ ಒಡೆಯೋದು, ಮೊಟ್ಟೆಗೋ ಗೂಡಿಗೋ ತೊಂದರೆ ಕೊಡೋದು ಕೂಡ ಬೇಟೆ ಲೆಕ್ಕಕ್ಕೇ ಬರುತ್ತೆ, ಬಂದೂಕೇ ಬೇಕು ಅಂತಿಲ್ಲ. 2022ರ ತಿದ್ದುಪಡಿ ಆದ್ಮೇಲೆ ಸಾಮಾನ್ಯ ಉಲ್ಲಂಘನೆಗೇ 3 ವರ್ಷದ ತನಕ ಜೈಲು ಅಥವಾ 1 ಲಕ್ಷದ ತನಕ ದಂಡ, ಅಥವಾ ಎರಡೂ ಆಗ್ಬೋದು. ಮೊದಲನೇ ಅನುಸೂಚಿಯಲ್ಲಿರೋ ಪ್ರಾಣಿ ಆದ್ರೆ ಕನಿಷ್ಠ 3 ವರ್ಷ, 7ರ ತನಕ. ಕಾಡುಪಾಪ ಆ ಪಟ್ಟಿಯಲ್ಲಿದೆ, ಹೊಲದ ಬದಿ ಮರ, ತೋಪು ಇಂಥಾ ಕಡೆ ರಾತ್ರಿ ಹೊತ್ತು ಓಡಾಡೋ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ, ಹಗಲು ಕೊಂಬೆ ಸಂದಿಯಲ್ಲಿ ಮುದ್ದೆ ಥರ ಮಲಗಿರುತ್ತೆ, ಕಡಿಯೋರಿಗೆ ಕಾಣೋದೇ ಇಲ್ಲ.

ಗೂಡು ಸ್ಥಳಾಂತರ ಮಾಡೋ ಯೋಚನೆ ಬಿಡಿ. ತಾಯಿ ಹಕ್ಕಿ ಹುಡುಕೋದು ಆ ಜಾಗನ, ನೀವು ಪಕ್ಕದ ಮರಕ್ಕೆ ಕಟ್ಟಿಟ್ರೆ ಮರಿ ಕೂಗ್ತಾ ಕೂಗ್ತಾ ಅಲ್ಲೇ ಸಾಯೋದೇ ಹೆಚ್ಚು. ಸಣ್ಣ ಹಕ್ಕಿಗಳ ಮರಿ ಎರಡು ಮೂರು ವಾರಕ್ಕೆಲ್ಲ ಗೂಡು ಬಿಟ್ಟು ಹಾರಿಹೋಗುತ್ತೆ, ದೊಡ್ಡ ಹಕ್ಕಿ ಆದ್ರೆ ಜಾಸ್ತಿ ದಿನ. ಕಾಯೋದೇ ಒಳ್ಳೇದು. ನಿಜವಾಗ್ಲೂ ಮರ ಇವತ್ತೋ ನಾಳೆಯೋ ಬೀಳೋ ಹಾಗಿದ್ರೆ ಮಾತ್ರ ಅರಣ್ಯ ಇಲಾಖೆಯವರಿಗೆ ಹೇಳಿ ಅವರ ಮುಂದೆಯೇ ಕೆಲಸ ಆಗ್ಲಿ.

ಯಾವ ತಿಂಗಳು ಕಡಿದ್ರೆ ಗೂಡು ಇರಲ್ಲ ಅಂತ ಇನ್ನೊಬ್ರು ಕೇಳಿದ್ದಾರೆ. ಹಾಗೆ ಪೂರ್ತಿ ಖಾಲಿ ತಿಂಗಳು ಅಂತ ಇಲ್ಲ. ಗಿಣಿ, ಹದ್ದು, ಗೂಬೆ ಜಾತಿಯವು ಚಳಿಗಾಲದಿಂದ ಬೇಸಿಗೆ ತನಕ, ಬೇರೆ ತುಂಬಾ ಹಕ್ಕಿಗಳು ಬೇಸಿಗೆ ಕೊನೆಯಿಂದ ಮಳೆಗಾಲದಲ್ಲಿ ಮರಿ ಮಾಡ್ತವೆ. ನಾವು ಸರಿಯಾಗಿ ಮೇ ತಿಂಗಳಲ್ಲಿ ಗರಗಸ ಹಿಡ್ಕೊಂಡು ಬೀದಿಬೀದಿ ಹೊರಡ್ತೀವಿ, ಎರಡೂ ಒಂದೇ ಹೊತ್ತಿಗೆ ಬರುತ್ತೆ. ಮಳೆಗಾಲ ಮುಗಿದ ಮೇಲೆ ಸಾವಕಾಶವಾಗಿ ಮರ ನೋಡಿ ಬೇಕಾದಷ್ಟು ಸವರಿಸಿದ್ರೆ ಈ ಪೇಚಾಟ ಎಷ್ಟೋ ಕಮ್ಮಿ. ಯಾವ ತಿಂಗಳೇ ಆಗ್ಲಿ, ಹಿಂದಿನ ದಿನ ಬೆಳಿಗ್ಗೆ ಮತ್ತು ಸಂಜೆ ಮರದ ಕೆಳಗೆ ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ. ಬಾಯಲ್ಲಿ ಹುಳ ಕಚ್ಕೊಂಡು ಹಕ್ಕಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗ್ತಿದ್ರೆ ಅಲ್ಲಿ ಮರಿ ಇದೆ ಅಂತಲೇ ಅರ್ಥ.

ಪ್ರಶ್ನೆ: ಕರೆಂಟ್‌ನವರು ಹೇಳದೆ ಕೇಳದೆ ಬಂದು ನಮ್ಮ ಮರದ ಅರ್ಧ ಭಾಗ ಕತ್ತರಿಸಿ ಹೋದ್ರು, ಕೊಂಬೆ ಎಲ್ಲಾ ಅಲ್ಲೇ ಬಿಸಾಕಿದ್ರು. ಹೀಗೆ ಮಾಡ್ಬೋದಾ?

ಉತ್ತರ: ಲೈನ್‌ಗೆ ತಾಗೋ ಮರ ತೆಗೆಸೋಕೆ ಕಾನೂನಲ್ಲಿ ದಾರಿ ಇದೆ, 2003ರ ವಿದ್ಯುತ್ ಕಾಯ್ದೆಯ 68ನೇ ಸೆಕ್ಷನ್. ಅಲ್ಲಿರೋದು ಏನಂದ್ರೆ ಲೈನ್‌ಗೆ ತೊಂದರೆ ಆಗೋ ಮರ ಇದ್ರೆ ಮ್ಯಾಜಿಸ್ಟ್ರೇಟ್ ಅಥವಾ ಸರ್ಕಾರ ಗೊತ್ತುಮಾಡಿದ ಅಧಿಕಾರಿ ಅದನ್ನ ತೆಗೆಸ್ಬೋದು, ಮತ್ತೆ ಲೈನ್ ಎಳೆಯೋಕೆ ಮುಂಚೆನೇ ಆ ಮರ ಅಲ್ಲಿದ್ದಿದ್ರೆ ಮಾಲೀಕರಿಗೆ ಪರಿಹಾರ ಕೂಡ ಕೊಡಿಸ್ಬೇಕು. ಈ ಎರಡನೇ ಭಾಗ ಯಾರೂ ಬಾಯಿ ಬಿಟ್ಟು ಹೇಳಲ್ಲ. ನಿಮ್ಮ ಮರ ಹಳೇದು ಅನ್ನೋಕೆ ಹಳೇ ಫೋಟೋ ಇದ್ರೆ ಅರ್ಜಿ ಜೊತೆ ಇಡಿ. ಕೋಪ ಬಂದು ನೀವೇ ಏಣಿ ಹಾಕ್ಕೊಂಡು ಮಿಕ್ಕಿದ್ದು ಸರಿ ಮಾಡೋಕೆ ಮಾತ್ರ ಹೋಗ್ಬೇಡಿ, ಹಸಿ ಕೊಂಬೆಯಲ್ಲಿ ಕರೆಂಟ್ ಹರಿಯುತ್ತೆ.

ಪ್ರಶ್ನೆ: ನಮ್ಮ ತೋಟದ ಪಕ್ಕ ಇರೋ ಅರಳಿ ಮರದ ತುಂಬಾ ಬಾವಲಿ. ನಿಫಾ ಬರುತ್ತೆ ಅಂತ ಊರವರು ಮರಾನೇ ಕಡಿಸಿ ಅಂತಿದ್ದಾರೆ. ಪಟಾಕಿ ಹೊಡೆದು ಓಡಿಸೋಣ ಅಂತ ಕೆಲವರು. ಏನ್ ಮಾಡೋದು ತಿಳಿಸಿ.

ಉತ್ತರ: ಎರಡೂ ಬೇಡ. ಹಣ್ಣು ತಿನ್ನೋ ದೊಡ್ಡ ಬಾವಲಿಗಳಲ್ಲಿ ನಿಫಾ ವೈರಸ್ ಇರ್ಬೋದು ಅನ್ನೋದು ನಿಜ, ಆದ್ರೆ ಮರದಲ್ಲಿ ನೇತಾಡ್ತಾ ಮಲಗಿರೋ ಬಾವಲಿಯಿಂದ ಕೆಳಗೆ ಓಡಾಡೋರಿಗೆಲ್ಲ ಬರುತ್ತೆ ಅಂತಲ್ಲ. ಬಾವಲಿ ಕಚ್ಚಿ ಬಿಟ್ಟ ಹಣ್ಣು ತಿನ್ಬೇಡಿ, ಬಿದ್ದ ಹಣ್ಣು ಮಕ್ಕಳು ಎತ್ಕೊಳ್ಳದ ಹಾಗೆ ನೋಡ್ಕೊಳ್ಳಿ, ಮಿಕ್ಕಿದ್ದನ್ನ ತೊಳ್ದು ಸಿಪ್ಪೆ ತೆಗೆದು ತಿನ್ನಿ, ಸತ್ತ ಬಾವಲಿನ ಬರಿಗೈಲಿ ಮುಟ್ಬೇಡಿ. ಪಟಾಕಿ ಹೊಡೆದ್ರೆ ಅವು ಗಾಬರಿಯಾಗಿ ಚೆದುರಿ ಬೇರೆ ಬೇರೆ ಮರಕ್ಕೆ, ಮನೆ ಹತ್ರಕ್ಕೆ ಹೋಗ್ತವೆ, ಹೆದರಿ ಸೊರಗಿದ ಪ್ರಾಣಿಯಲ್ಲಿ ವೈರಸ್ ಹೊರಗೆ ಬರೋದು ಜಾಸ್ತಿ ಆಗ್ಬೋದು ಅನ್ನೋ ಆತಂಕ ವಿಜ್ಞಾನಿಗಳಿಗೇ ಇದೆ, ನೀವು ಯಾವುದಕ್ಕೆ ಹೆದರ್ತಿದ್ದೀರೋ ಅದನ್ನೇ ಮಾಡಿದ ಹಾಗಾಯ್ತು.

ಹಣ್ಣು ಬಾವಲಿ ಹಿಂದೆ ವನ್ಯಜೀವಿ ಕಾಯ್ದೆಯ ಐದನೇ ಅನುಸೂಚಿಯಲ್ಲಿತ್ತು, ಅಂದ್ರೆ ಇಲಿ, ಕಾಗೆ ಜೊತೆ ಉಪದ್ರವ ಪ್ರಾಣಿ ಅನ್ನೋ ಪಟ್ಟಿ, ಕೊಂದ್ರೆ ಕೇಳೋರಿಲ್ಲ. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ತೆಗೆದುಹಾಕಿದ್ರು. ಒಂದು ತಾಯಿ ಬಾವಲಿ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕೋದು, ಹೀಗಾಗಿ ಒಂದ್ಸಲ ಗುಂಪು ನಾಶ ಆದ್ರೆ ಚೇತರಿಸ್ಕೊಳ್ಳೋಕೆ ಬಹಳ ವರ್ಷ ಬೇಕು. ಇಪ್ಪೆ ಮರದ ಬೀಜ ದೂರ ದೂರಕ್ಕೆ ಹೋಗಿ ಬೀಳೋದ್ರಲ್ಲಿ ಇವುಗಳ ಪಾಲು ದೊಡ್ಡದು.

ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು ಕೇಳಿರ್ತೀರಿ, ಅಲ್ಲಿ ಊರೊಳಗಿನ ಹುಣಸೆ ಮರ, ಆಲದ ಮರದಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ತವೆ. ಮನೆ ಮೇಲೆ ಹಿಕ್ಕೆ, ಕೊಳೆತ ಮೀನಿನ ವಾಸನೆ, ಹುಣಸೆ ಫಸಲು ನಷ್ಟ ಎಲ್ಲಾ ಅಲ್ಲಿನ ಜನ ತಡ್ಕೊಂಡಿದ್ದಾರೆ, ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡೋ ವ್ಯವಸ್ಥೆನೂ ಮಾಡಿದ್ದಾರೆ. ಇದನ್ನ ಯಾಕೆ ಹೇಳಿದೆ ಅಂದ್ರೆ, ಗಲೀಜು ಆಗುತ್ತೆ ಅನ್ನೋ ನಿಮ್ಮ ಊರವರ ಮಾತನ್ನ ನಾನು ತಳ್ಳಿಹಾಕ್ತಿಲ್ಲ. ಗಲೀಜು ಆಗುತ್ತೆ. ನೀರಿನ ತೊಟ್ಟಿ ಮುಚ್ಚಿ, ದನ ಆ ಮರದ ಕೆಳಗೆ ಕಟ್ಬೇಡಿ, ಅಷ್ಟು ಮಾಡಿದ್ರೆ ಬಹುಪಾಲು ತೊಂದರೆ ಮುಗೀತು.

ಪ್ರಶ್ನೆ: ಮಾವಿನ ಮರದ ಕಾಂಡದಲ್ಲಿ ದೊಡ್ಡ ಪೊಟರೆ ಆಗಿದೆ. ಸಿಮೆಂಟ್ ತುಂಬಿದ್ರೆ ಗಟ್ಟಿಯಾಗುತ್ತಾ?

ಉತ್ತರ: ಆಗಲ್ಲ. ಮರ ಗಾಳಿಗೆ ಬಾಗುತ್ತೆ, ಸಿಮೆಂಟ್ ಬಾಗಲ್ಲ, ಮಧ್ಯದಲ್ಲಿ ನೀರು ನಿಲ್ಲುತ್ತೆ. ಮರ ನಿಂತಿರೋದು ಹೊರಗಿನ ಗಟ್ಟಿ ಪದರದ ಬಲದ ಮೇಲೆ, ಅದು ದಪ್ಪ ಇದ್ರೆ ಒಳಗೆ ಪೊಳ್ಳಿದ್ರೂ ಬಹಳ ವರ್ಷ ಬದುಕುತ್ತೆ. ಪೊಟರೆಯಲ್ಲಿ ಗಿಣಿಯೋ ಹಾಲಕ್ಕಿಯೋ ಇದ್ದಾವಾ ನೋಡಿ, ಇದ್ರೆ ನೀವು ಅದೃಷ್ಟವಂತರು, ಹಾಗೇ ಬಿಡಿ. ಅದೇ ಮರದಲ್ಲಿ ಬಂದಳಿಕೆ ಹಬ್ಬಿದೆ ಅಂತಲೂ ಬರ್ದಿದ್ದೀರಿ, ಅದನ್ನ ಎಲೆ ಕಿತ್ರೆ ಸಾಲದು, ಮತ್ತೆ ಚಿಗುರುತ್ತೆ, ಅದು ಕಚ್ಕೊಂಡಿರೋ ಕೊಂಬೆಯನ್ನೇ ಒಂದಡಿ ಒಳಗಿಂದ ತೆಗೀಬೇಕು.

ಪ್ರಶ್ನೆ: ಫುಟ್‌ಪಾತ್ ಮಾಡುವಾಗ ಬುಡಕ್ಕೆ ಅಂಟಿಕೊಂಡ ಹಾಗೆ ಕಾಂಕ್ರೀಟ್ ಹಾಕಿದ್ದಾರೆ.

ಉತ್ತರ: ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಸುತ್ತ 1 ಮೀಟರ್ ಜಾಗದಲ್ಲಿ ಕಾಂಕ್ರೀಟ್ ಒಡೆದು ತೆಗೀರಿ ಅಂತ ಆದೇಶ ಮಾಡಿತ್ತು, ಅದನ್ನ ಉಲ್ಲೇಖಿಸಿ ಪಾಲಿಕೆ ಎಂಜಿನಿಯರ್‌ಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ತಗೊಳ್ಳಿ. ಒಡೆಯುವಾಗ ಬೇರಿಗೆ ಏಟು ಬೀಳದ ಹಾಗೆ ಕೈಯಲ್ಲೇ ಒಡೆಸಿ. ಹಾಗೇ ಟ್ರೀ ಗಾರ್ಡ್ ಕಾಂಡಕ್ಕೆ ಒತ್ತುತಿದ್ರೆ ಕತ್ತರಿಸಿ ತೆಗೆಸಿ, ಅದರ ಕೆಲಸ ಎಂದೋ ಮುಗಿದಿರುತ್ತೆ.

ಪ್ರಶ್ನೆ: ನಮ್ಮ ಬೇಲಿಯಲ್ಲಿ ತಾನಾಗೇ ಶ್ರೀಗಂಧ ಹುಟ್ಟಿದೆ. ಸರ್ಕಾರದ್ದು ಅಂತ ಹಿಡ್ಕೊಂಡು ಹೋಗ್ತಾರೆ, ಈಗಲೇ ಕಿತ್ತುಹಾಕಿ ಅಂತ ನಮ್ಮಪ್ಪ ಹೇಳ್ತಾರೆ.

ಉತ್ತರ: ನಿಮ್ಮ ತಂದೆಯವರ ಭಯ ಹಳೇ ಕಾಲದ್ದು, ಸುಳ್ಳಂತೂ ಅಲ್ಲ. ಹಿಂದೆ ಯಾರ ಜಮೀನಲ್ಲಿ ಹುಟ್ಟಿದ್ರೂ ಶ್ರೀಗಂಧ ಸರ್ಕಾರದ್ದೇ ಆಗಿತ್ತು, ಹಾಗಾಗಿ ಜನ ಸಸಿ ಕಂಡ್ರೆ ಕಿತ್ತು ಬಿಸಾಕ್ತಿದ್ರು, ಮರ ಉಳಿಸೋಕೆ ಮಾಡಿದ ಕಾನೂನೇ ಮರಕ್ಕೆ ಮುಳುವಾಯ್ತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು ಜಮೀನಿನ ಮಾಲೀಕನೇ ಮರದ ಮಾಲೀಕ ಅಂತ ಮಾಡಿದ್ರು. ಬೆಳೆಸ್ಬೋದು, ಆದ್ರೆ ಕಡಿಯೋಕೆ, ಸಾಗಿಸೋಕೆ ಅರಣ್ಯ ಇಲಾಖೆ ಪರವಾನಗಿ ಬೇಕೇ ಬೇಕು. ಪಹಣಿಯಲ್ಲಿ ನಮೂದು ಮಾಡಿಸಿ, ಯಾಕಂದ್ರೆ ಕಳ್ಳತನ ಆದ್ರೆ ದೂರು ಕೊಡುವಾಗ ದಾಖಲೆ ಬೇಕಾಗುತ್ತೆ. ಇನ್ನೊಂದು, ಶ್ರೀಗಂಧ ಪಕ್ಕದ ಗಿಡದ ಬೇರಿಂದ ಆಹಾರ ಎಳ್ಕೊಂಡು ಬದುಕೋ ಮರ, ಬೇಲಿ ಗಿಡ ಎಲ್ಲಾ ಕಿತ್ತು ಅದೊಂದನ್ನೇ ಬಿಟ್ರೆ ಸೊರಗುತ್ತೆ.

ಪ್ರಶ್ನೆ: ಎದುರುಗಡೆ ಸೈಟಲ್ಲಿ ಭಾನುವಾರ ಬೆಳಿಗ್ಗೆನೇ ಬಂದು ಮರ ಕಡೀತಾರೆ, ಆಫೀಸ್ ರಜೆ ಇರುತ್ತೆ. ಒಬ್ಬರೇ ಇದ್ರೆ ಏನ್ ಮಾಡ್ಬೋದು?

ಉತ್ತರ: ಮೊದಲು ಜಗಳ ಬೇಡ, ಗರಗಸ ಹಿಡಿದಿರೋ ಕೂಲಿಯವರಿಗೆ ಏನೂ ಗೊತ್ತಿರಲ್ಲ, ಅವರ ಮೇಲೆ ಕೂಗಾಡಿ ಉಪಯೋಗ ಇಲ್ಲ. ಮೇಸ್ತ್ರಿಗೆ ಆದೇಶದ ಕಾಪಿ ತೋರ್ಸಿ ಅಂತ ಕೇಳಿ. ನಿಜವಾದ ಆದೇಶದಲ್ಲಿ ಯಾವ ಮರ, ಎಷ್ಟು ಮರ, ಎಲ್ಲಿರೋದು ಅಂತ ಇರುತ್ತೆ, ಎರಡು ಮರಕ್ಕೆ ತಗೊಂಡು ಐದು ಕಡಿಯೋದು ಮಾಮೂಲಿ ಆಟ, ಹಾಗಾಗಿ ಎಣಿಸಿ. ಸರ್ಕಾರಿ ಕಾಮಗಾರಿಗೆ 50ಕ್ಕಿಂತ ಜಾಸ್ತಿ ಮರ ಹೋಗೋದಾದ್ರೆ ಮುಂಚೆಯೇ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಿರ್ಬೇಕು, ಅದನ್ನೂ ಕೇಳಿ. ಕಾಪಿ ಇಲ್ಲ ಅಂದ್ರೆ ದೂರದಿಂದ ಫೋಟೋ, ವಿಡಿಯೋ ತಗೊಳ್ಳಿ, ಮರ, ಗಾಡಿ ನಂಬರ್, ಹಿಂದೆ ಕಟ್ಟಡ ಎಲ್ಲಾ ಒಂದೇ ಫ್ರೇಮಲ್ಲಿ ಬರ್ಲಿ. 112ಕ್ಕೆ ಫೋನ್ ಮಾಡಿ ಅನುಮತಿ ಇಲ್ಲದೆ ಮರ ಕಡೀತಿದ್ದಾರೆ ಅಂತ ಹೇಳಿ, ಅದೇ ಹೊತ್ತಿಗೆ ಟ್ರೀ ಆಫೀಸರ್‌ಗೆ ವಾಟ್ಸಾಪ್ ಮಾಡಿ, ಸೋಮವಾರ ಲಿಖಿತ ದೂರು ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ಕಡಿದ ದಿಮ್ಮಿ ಅಲ್ಲಿಂದ ಹೋಗದ ಹಾಗೆ ನೋಡ್ಕೊಳ್ಳೋದೇ ಮುಖ್ಯ, ದಿಮ್ಮಿ ಹೋದ್ರೆ ಸಾಕ್ಷಿ ಹೋಯ್ತು, ಬುಡಕ್ಕೂ ಮಣ್ಣು ಮುಚ್ಚಿಬಿಡ್ತಾರೆ. ಅದಕ್ಕೇ ಟ್ರೀ ಆಫೀಸರ್ ನಂಬರ್ ಇವತ್ತೇ ಸೇವ್ ಮಾಡಿಟ್ಕೊಳ್ಳಿ, ಭಾನುವಾರ ಬೆಳಿಗ್ಗೆ ಹುಡುಕೋಕೆ ಕೂತ್ರೆ ಸಿಗಲ್ಲ.